ಎಲ್ಲರೂ ಯಜಮಾನರೇ

ಕೆಲಸವನ್ನು ಎಂಟು ಪ್ರೊಸೆಸ್‌ಗಳಿಗೆ, ಅಂದರೆ ಏಕಕಾಲಕ್ಕೆ ನಡೆಯುವ ಎಂಟು ಪ್ರೋಗ್ರಾಂಗಳಿಗೆ, ಹಂಚಿದರೆ ಎಂಟು ಪಟ್ಟು ಬೇಗ ಮುಗಿದೀತೆಂಬ ದುರಾಸೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಲ್ಲಿ ಯಾರನ್ನೂ ಬಿಟ್ಟಿಲ್ಲ. ಸಹೋದ್ಯೋಗಿಯೊಬ್ಬರ ಲಿನಕ್ಸ್ ಯಂತ್ರದಲ್ಲಿ ಹೂವೆತ್ತಿದಷ್ಟು ಸಲೀಸಾಗಿ ನಡೆಯುತ್ತಿದ್ದ ಅಂಥದೊಂದು ಪ್ರೋಗ್ರಾಂ ನನ್ನ ವಿಂಡೋಸ್‌ಗೆ ಬಂದದ್ದೇ ತಡ, ಪರದೆಯ ಮೇಲೆ ದೋಷಸಂದೇಶಗಳ ಮಳೆ ಹಿಡಿಯಿತು. ಪೈಥಾನ್‌ನ ‘ಮಲ್ಟಿಪ್ರೊಸೆಸಿಂಗ್’ ಗ್ರಂಥಾಲಯದಲ್ಲಿ ಇಂಥ ಕೆಲಸಗಾರ ಪ್ರೊಸೆಸ್‌ಗಳ ತಂಡವನ್ನು ನಡೆಸುವ ಪೂಲ್ ಎಂಬುದು ಬಲು ಕರ್ತವ್ಯನಿಷ್ಠ. ಒಬ್ಬ ಕೆಲಸಗಾರ ಸತ್ತರೆ ತಕ್ಷಣ ಇನ್ನೊಬ್ಬನನ್ನು ನೇಮಿಸುತ್ತದೆ, ಅವನೂ ಅದೇ ಸಂದೇಶವನ್ನು ಒದರಿ ಪ್ರಾಣ ಬಿಡುತ್ತಾನೆ.

ಸಹೋದ್ಯೋಗಿಯ ಲಿನಕ್ಸ್ ಬಳಸುತ್ತಿದ್ದ ಫೋರ್ಕ್ ವಿಧಾನದಲ್ಲಿ ಹುಟ್ಟಿದ ಪ್ರೊಸೆಸ್ ತನ್ನನ್ನು ಹುಟ್ಟಿಸಿದ ತಾಯಿಯ ಸ್ಮೃತಿಯನ್ನೆಲ್ಲ ಹೊತ್ತೇ ಬರುವುದರಿಂದ ಅದಕ್ಕೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲ. ಅಲ್ಲಿನ ಸ್ಪಾನ್ ವಿಧಾನದಲ್ಲಿ ಕೂಸು ಬರಿಗೈಯಲ್ಲಿ ಹುಟ್ಟಿ, ಮುಖ್ಯ ಕಡತವನ್ನು ಮೊದಲ ಸಾಲಿನಿಂದ ಇಂಪೋರ್ಟ್ ಮಾಡಿಕೊಳ್ಳುತ್ತದೆ, ಅಂದರೆ ಓದಿ ನಡೆಸುತ್ತದೆ. ಆ ಕಡತದಲ್ಲಿ ‘ಎಂಟು ಮಕ್ಕಳನ್ನು ಹುಟ್ಟಿಸು’ ಎಂಬ ಆಜ್ಞೆ ಯಾವ ಕಾವಲೂ ಇಲ್ಲದೆ ಬಿದ್ದಿದ್ದರೆ, ಇನ್ನೂ ಕಣ್ಣು ಬಿಡದ ಕೂಸು ತಾನೇ ಮನೆಯ ಯಜಮಾನನೆಂದು ಭಾವಿಸಿ ಸಂಸಾರ ಹೂಡಲು ಹೊರಡುತ್ತದೆ. ಪೈಥಾನ್ ಅದನ್ನು ಹಿಡಿದು ನಿಲ್ಲಿಸಿ, ‘ಇಫ್ ನೇಮ್ ಮೇನ್’ (ಹೆಸರು ‘ಮೇನ್’ ಆಗಿದ್ದರೆ ಮಾತ್ರ ಮುಂದಿನದನ್ನು ನಡೆಸು) ಎಂಬ ಕಾವಲಿನ ಪರಿಹಾರವನ್ನೂ ಸಂದೇಶದ ಕೊನೆಯಲ್ಲಿ ಬರೆದುಕೊಡುತ್ತದೆ. ಕೊನೆಯವರೆಗೆ ಓದುವವರು ಬೇಕಷ್ಟೆ.

ಆ ಸಾಲನ್ನು ಸೇರಿಸಿದ ಮೇಲೆ ಮಳೆ ನಿಂತಿತಾದರೂ, ಕಡತದ ತಲೆಯಲ್ಲಿದ್ದ ‘ಸ್ವಾಗತ’ ಮಾತ್ರ ಒಂಬತ್ತು ಸಲ ಮುದ್ರಣವಾಯಿತು: ತಾಯಿಯದೊಂದು, ಮಕ್ಕಳವು ಎಂಟು. ಕಾವಲಿನ ಹೊರಗಿರುವುದನ್ನೆಲ್ಲ ಪ್ರತಿ ಕೂಸೂ ಮತ್ತೆ ನಡೆಸುತ್ತದೆ. ಅದು ಮುಖ್ಯ ಕಡತವನ್ನು ‘ಮೇನ್’ ಎಂದಲ್ಲದೆ ‘ಎಂಪಿ ಮೇನ್’ ಎಂಬ ಅಡ್ಡಹೆಸರಿನಲ್ಲಿ ತಂದುಕೊಳ್ಳುವುದರಿಂದಲೇ ಕಾವಲಿನ ಪರೀಕ್ಷೆಯಲ್ಲಿ ಸೋತು, ನಮ್ಮ ಪುಣ್ಯಕ್ಕೆ, ಹೊರಗೇ ಉಳಿಯುತ್ತದೆ. ತಾಯಿಯೂ ಈ ಹೆಸರನ್ನು ತನ್ನ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟುಕೊಂಡಿರುವುದನ್ನು ಕಂಡಾಗ ಈ ನಾಟಕ ಎಲ್ಲರ ಒಪ್ಪಿಗೆಯಿಂದಲೇ ನಡೆಯುತ್ತಿದೆಯೆಂದು ನನಗೆ ಮನವರಿಕೆಯಾಯಿತು.

‘ನನ್ನಲ್ಲಿ ಸರಿಯಾಗಿಯೇ ಇದೆಯಲ್ಲ’ ಎನ್ನುತ್ತಿದ್ದ ಸಹೋದ್ಯೋಗಿಯ ನೆಮ್ಮದಿಯೂ ಬಾಳಲಿಲ್ಲ. ಪೈಥಾನ್‌ನ 2019ರ 3.8ನೇ ಆವೃತ್ತಿಯಲ್ಲಿ ಮ್ಯಾಕ್ ಸ್ಪಾನ್‌ಗೆ ಹೊರಳಿತ್ತು, 2025ರ 3.14ರಲ್ಲಿ ಲಿನಕ್ಸ್ ಕೂಡ ಫೋರ್ಕ್‌ಸರ್ವರ್‌ಗೆ (ತಾಯಿಯ ಬದಲು ಬೇರೊಂದು ಪ್ರೊಸೆಸ್ ಮಕ್ಕಳನ್ನು ಹುಟ್ಟಿಸುವ ವಿಧಾನಕ್ಕೆ) ಬದಲಾದಾಗ ಅವರ ಪರದೆಯ ಮೇಲೂ ಮಳೆಯಾಯಿತು. ಆಜ್ಞೆಗಳನ್ನು ನೇರವಾಗಿ ಟೈಪಿಸುವ ಪೈಥಾನ್ ಪ್ರಾಂಪ್ಟಿನಲ್ಲೇ ಫಂಕ್ಷನ್ ಬರೆದು ನೋಡಿದರು. ಅದಕ್ಕೆ ಕಡತವೇ ಇಲ್ಲದ್ದರಿಂದ ಮಕ್ಕಳು ‘ಮೇನ್‌ನಲ್ಲಿ ಅಂಥವರು ಯಾರೂ ಇಲ್ಲ’ ಎಂದು ಹಿಂದಿರುಗಿದವು. ಕೊನೆಗೆ ಅವರು ಫಂಕ್ಷನ್ನನ್ನು ಪ್ರತ್ಯೇಕ ಕಡತಕ್ಕೆ ಸಾಗಿಸಿದರು, ಮತ್ತು ಆ ಕಡತಕ್ಕೆ, ಪೈಥಾನ್‌ನ ಗ್ರಂಥಾಲಯಕ್ಕಿರುವಂತೆಯೇ, ‘ಮಲ್ಟಿಪ್ರೊಸೆಸಿಂಗ್’ ಎಂದೇ ನಾಮಕರಣ ಮಾಡಿದರು.