ಸಿಕ್ತು ಸರಿ, ಯಾವುದಕ್ಕೆ ಸಿಕ್ತು?

ಈ ಸಲ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋಗಬಾರದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಗೆ ಯುಗಾದಿ ಯಾವತ್ತೂ ಕೆಟ್ಟ ಹೊತ್ತಿಗೇ ಬರುತ್ತದೆ. ಯೂನಿವರ್ಸಿಟಿಗಳ ರಿಸಲ್ಟು ಬರುವುದೂ ಅದೇ ಆಸುಪಾಸಿನಲ್ಲಿ. ಊಟದ ಸಾಲಿನಲ್ಲಿ ನಿಂತಿದ್ದೇನೆ, ತಟ್ಟೆಗೆ ಇನ್ನೂ ಕೋಸಂಬರಿ ಬಿದ್ದಿಲ್ಲ, ಆಗಲೇ ಮೂರು ಜನ ಕೇಳಿಯಾಗಿತ್ತು. "ಏನಾಯ್ತ್ರೀ ಮಗಳದ್ದು? ಎಲ್ಲಿ ಸಿಕ್ತು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರ್ಕ್ಲಿ ಇಲ್ಲ. ಯುಸಿಎಲ್‌ಎ ಇಲ್ಲ. ಸ್ಯಾನ್ ಡಿಯಾಗೋ ಸಿಕ್ಕಿದೆ, ಆದರೆ ಕಂಪ್ಯೂಟರ್ ಸೈನ್ಸ್‌ಗಲ್ಲ, ಮೇಜರ್, ಅಂದರೆ ಓದುವ ಮುಖ್ಯ ವಿಷಯ, ಯಾವುದೂ ಇಲ್ಲದೆ. ಡೇವಿಸ್‌ನಲ್ಲಿ ಸಿಎಸ್. ಸ್ಯಾನ್ ಹೋಸೆ ಸ್ಟೇಟ್‌ನಲ್ಲೂ ಸಿಎಸ್.

ಇಷ್ಟುದ್ದ ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಹೆಸರು. "ಓ ಸ್ಯಾನ್ ಡಿಯಾಗೋ! ಮತ್ತೇನು ಯೋಚ್ನೆ? ಸೇರ್ಕೊಳ್ಲಿ, ಆಮೇಲೆ ಸಿಎಸ್‌ಗೆ ಚೇಂಜ್ ಮಾಡ್ಕೊಂಡ್ರಾಯ್ತಪ್ಪ."

ಆ "ಆಮೇಲೆ ಚೇಂಜ್ ಮಾಡ್ಕೊಂಡ್ರಾಯ್ತು" ಅನ್ನುವ ಮಾತಿಗೇ ಈ ಪೋಸ್ಟು. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ತಪ್ಪು ಅವರದ್ದಲ್ಲ ಬಿಡಿ. ನಮ್ಮೆಲ್ಲರ ತಲೆಯಲ್ಲಿ ಇನ್ನೂ ಸಿಇಟಿ ಕೂತಿದೆ. 2000ನೇ ಇಸವಿಯಲ್ಲಿ ನಾನೂ ಅಪ್ಪನೂ ಚನ್ನರಾಯಪಟ್ಟಣದಿಂದ ಬೆಳಗಿನ ಜಾವದ ಬಸ್ಸು ಹತ್ತಿ ಬೆಂಗಳೂರಿನ ಸಿಇಟಿ ಸೆಲ್‌ಗೆ ಹೋಗಿದ್ದೆವು. ಅಪ್ಪನ ಅಂಗಿಯ ಒಳಜೇಬಿನಲ್ಲಿ ಡಿಡಿ. ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕಾಲೇಜು, ಬ್ರಾಂಚು, ಎಷ್ಟು ಸೀಟು ಬಾಕಿ ಅನ್ನುವುದೆಲ್ಲ ಟಿವಿ ಪರದೆಯ ಮೇಲೆ ಬರುತ್ತಿತ್ತು. ಹಾಸನದ ಕಾಲೇಜಿನ ಸಿಎಸ್ ಎದುರಿಗಿದ್ದ ಅಂಕಿ ಎರಡಾಯಿತು, ಒಂದಾಯಿತು, ನಮ್ಮ ಸರದಿ ಬರುವ ಮೊದಲೇ ಸೊನ್ನೆಯಾಯಿತು. ಇ ಅಂಡ್ ಸಿ, ಅಂದರೆ ಎಲೆಕ್ಟ್ರಾನಿಕ್ಸ್, ತಗೊಂಡೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ದಿನಾ ಹೋಗಿ ಬರೋಕೆ ಬಸ್ಸು ಐತಾ ಮಗ?"

ಬೇಜಾರಾಗಿತ್ತು. ಆದರೆ ಯಾಕೆ ಸಿಗಲಿಲ್ಲ ಅಂತ ಗೊತ್ತಿತ್ತಲ್ಲ? ನನಗಿಂತ ಒಳ್ಳೆ ರ‍್ಯಾಂಕ್ ಇದ್ದವರು ಮುಂದೆ ನಿಂತಿದ್ದರು, ತಗೊಂಡರು. ಲೆಕ್ಕ ಕಣ್ಣೆದುರೇ ಇತ್ತು.

ಇಲ್ಲಿ ಆ ಪರದೆಯೇ ಇಲ್ಲ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ, ಡೇವಿಸ್ ಎಲ್ಲ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, 2021ರಿಂದ ಎಸ್‌ಎಟಿ ಅನ್ನುವ ಪರೀಕ್ಷೆಯ ಅಂಕವನ್ನು ಪ್ರವೇಶಕ್ಕೆ ನೋಡುವುದೇ ಇಲ್ಲ. ಕಳಿಸಿದರೂ ನೋಡುವುದಿಲ್ಲ. ಹೈಸ್ಕೂಲಿನ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಯಾವ್ಯಾವ ಕಷ್ಟದ ಕ್ಲಾಸು ತಗೊಂಡಿದ್ದಾರೆ, ಹೊರಗೆ ಏನೇನು ಮಾಡಿದ್ದಾರೆ ಅನ್ನುವುದು, ಜೊತೆಗೆ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ಒಂದೊಂದಕ್ಕೆ 350 ಪದಗಳ ಒಳಗೆ ಬರೆಯುವ ಉತ್ತರ. ಕ್ಯಾಂಪಸ್ಸಿಗೆ 80 ಡಾಲರ್ ಅರ್ಜಿ ಫೀಸು. ಪದವಿ ಓದಿಸುವ ಯುಸಿ ಕ್ಯಾಂಪಸ್ಸು ಒಂಬತ್ತಿವೆ, ಎಲ್ಲಕ್ಕೂ ಟಿಕ್ ಹಾಕಿದರೆ ಅದೇ 720 ಆಯಿತು. ಮಾರ್ಚಿನಲ್ಲಿ ಒಂದು ದಿನ ಪೋರ್ಟಲ್ ತೆರೆದರೆ ಹೌದು ಅಥವಾ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನ್ನ ಮಗಳಿಗಿಂತ ಕಡಿಮೆ ಜಿಪಿಎ ಇದ್ದ ಕ್ಲಾಸ್‌ಮೇಟ್‌ಗೆ ಬರ್ಕ್ಲಿ ಸಿಕ್ಕಿದೆ. ಆ ಕ್ಲಾಸ್‌ಮೇಟ್ ಹಾಕಿದ್ದು ಬೇರೆ ಮೇಜರ್‌ಗೆ.

ಕಥೆ ಇರುವುದೇ ಅಲ್ಲಿ. ಬರ್ಕ್ಲಿಗೆ ಬಾಗಿಲು ಒಂದಲ್ಲ, ಮೇಜರ್‌ಗೊಂದು ಬಾಗಿಲು. ನಮ್ಮವರು ಲೆಟರ್‌ಹೆಡ್ ನೋಡಿ ಖುಷಿಪಡುತ್ತಾರೆ, ಯಾವ ಬಾಗಿಲು ಅಂತ ಕೇಳುವುದಿಲ್ಲ.

ಬರ್ಕ್ಲಿಯದ್ದೇ ತಗೊಳ್ಳಿ. ಅಲ್ಲಿ ಕಂಪ್ಯೂಟರ್ ಓದಲು ಎರಡು ದಾರಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಇಸಿಎಸ್, ಅಂದರೆ ಎಲೆಕ್ಟ್ರಿಕಲ್ ಜೊತೆ ಸೇರಿದ ಕಂಪ್ಯೂಟರ್, ಅದರ ಹೊರಗೆ ಬರೀ ಸಿಎಸ್. ಮೊದಲು ಈ ಎರಡನೆಯದು ಉದಾರವಾಗಿತ್ತು. ಯಾವುದೋ ಮೇಜರ್ ಹೇಳಿಕೊಂಡು ಒಳಗೆ ಬಂದವರೂ 61ಎ, 61ಬಿ, 70 ಅನ್ನುವ ಮೂರು ಕ್ಲಾಸು ಮುಗಿಸಿ, ಅವುಗಳಲ್ಲಿ 3.3 ಜಿಪಿಎ ತೆಗೆದರೆ ಸಿಎಸ್ ತಗೊಳ್ಳಬಹುದಿತ್ತು. ನಮ್ಮ ಸರ್ಕಲ್ಲಿನಲ್ಲಿ ತಿರುಗಾಡುವ "ಆಮೇಲೆ ಚೇಂಜ್ ಮಾಡ್ಕೊಳ್ಳಿ" ಸಲಹೆ ಹುಟ್ಟಿದ್ದು ಆ ಕಾಲದಲ್ಲಿ. ಒಂದೊಂದು ಸೆಮಿಸ್ಟರಿನಲ್ಲಿ 61ಎ ಕ್ಲಾಸಿಗೆ ಸಾವಿರಕ್ಕೂ ಹೆಚ್ಚು ಮಕ್ಕಳು. 3.3 ಬಾರದೆ ಅತ್ತವರ ಕಥೆಗಳೂ ಬೇಕಾದಷ್ಟು. 2023ರಲ್ಲಿ ಸೇರಿದವರಿಂದ ಆ ಪದ್ಧತಿ ನಿಂತಿತು. ಈಗ ಅರ್ಜಿ ಹಾಕುವಾಗಲೇ ಸಿಎಸ್ ಅನ್ನಬೇಕು, ಸಿಕ್ಕರೆ ಆಗಲೇ ಸಿಗಬೇಕು. ಒಳಗೆ ಹೋದ ಮೇಲೆ ಬದಲಾಯಿಸುವುದು ಬಹಳ ಕಷ್ಟ. ಸ್ಯಾನ್ ಡಿಯಾಗೋದಲ್ಲೂ ಇದೇ ಕಥೆ. ಸೀಟು ಸೀಮಿತ, ಬದಲಾಯಿಸಲು ಪ್ರತ್ಯೇಕ ಅರ್ಜಿ, ಖಾತ್ರಿ ಇಲ್ಲ.

ನಿಯಮ ಬದಲಾಯಿತು, ಸಲಹೆ ಬದಲಾಗಲಿಲ್ಲ.

ನಮ್ಮ ಗೆಳತಿಯೊಬ್ಬಳ ಮಗನದ್ದು ಹೀಗೇ ಆಯಿತು. ಕ್ಯಾಂಪಸ್ಸಿನ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಸಾವಿರಾರು ಡಾಲರ್ ಫೀಸು ತಗೊಂಡ ಕಾಲೇಜ್ ಕೌನ್ಸೆಲರ್ ಒಬ್ಬರು "ಸಿಎಸ್‌ಗೆ ಹಾಕಿದ್ರೆ ರಿಜೆಕ್ಟ್ ಮಾಡ್ತಾರೆ, ಕಾಂಪಿಟೇಶನ್ ಇಲ್ಲದ ಮೇಜರ್‌ಗೆ ಹಾಕಿ, ಆಮೇಲೆ ನೋಡ್ಕೊಳ್ಳೋಣ" ಅಂದರು. ಹಾಕಿದ, ಸಿಕ್ಕಿತು, ಮನೆಯಲ್ಲಿ ಪಾರ್ಟಿ ಆಯಿತು. ಎರಡು ವರ್ಷ ಸಿಎಸ್ ಬಾಗಿಲು ತಟ್ಟಿದ, ಎರಡು ಸಲವೂ ಆಗಲಿಲ್ಲ. ಈಗ ಕಾಗ್ನಿಟಿವ್ ಸೈನ್ಸ್ ಓದುತ್ತಿದ್ದಾನೆ. ಅದು ಒಳ್ಳೆಯ ವಿಷಯವೇ, ಅವನೇನೂ ಹಾಳಾಗಿಲ್ಲ. ಆದರೆ ಅವನಿಗೆ ಬೇಕಾಗಿದ್ದದ್ದು ಅದಲ್ಲ. ಕೌನ್ಸೆಲರ್ ಫೀಸು ವಾಪಸ್ ಕೊಟ್ಟಿಲ್ಲ ಅಂತ ಬೇರೆ ಹೇಳಬೇಕಾ?

ಎಲ್ಲ ಕ್ಯಾಂಪಸ್ಸೂ ಒಂದೇ ಥರ ಇಲ್ಲ ಅನ್ನುವುದೂ ಗೊತ್ತಿರಲಿ. ಡೇವಿಸ್‌ನಲ್ಲಿ ಸಿಎಸ್ ಒಂದು ಕಾಲೇಜಿನಲ್ಲಿ, ಕಂಪ್ಯೂಟರ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಇನ್ನೊಂದರಲ್ಲಿ. ಪಾಠ ಮಾಡುವ ಡಿಪಾರ್ಟ್‌ಮೆಂಟು ಮಾತ್ರ ಒಂದೇ. ಅರ್ವೈನ್‌ನಲ್ಲಿ ಕಂಪ್ಯೂಟರಿಗೆ ಅಂತಲೇ ಬೇರೆ ಸ್ಕೂಲು ಇದೆ. ನಮ್ಮವರು ಅರ್ವೈನ್, ರಿವರ್‌ಸೈಡ್ ಹೆಸರು ಎತ್ತಿದರೆ ಮುಖ ಹುಳಿ ಮಾಡುತ್ತಾರೆ, ಮರ್ಸೆಡ್ ಅಂದರಂತೂ ಮಾತೇ ಬದಲಾಯಿಸುತ್ತಾರೆ. 2005ರಲ್ಲಿ ಬಾಗಿಲು ತೆರೆದ ಕ್ಯಾಂಪಸ್ಸು, ಅದಕ್ಕೂ ಸ್ವಲ್ಪ ಉಸಿರಾಡಲು ಬಿಡಿ.

ಸರಿ, ನಮ್ಮ ಕಥೆಗೆ ಬರುತ್ತೇನೆ. ಸ್ಯಾನ್ ಡಿಯಾಗೋವನ್ನು ಕೈಬಿಡುವುದು ಅಂತ ಮಗಳು ತಾನೇ ನಿರ್ಧರಿಸಿದಳು. ನಮ್ಮ ಮನೆಯವರಿಗೆ ಎರಡು ದಿನ ನಿದ್ದೆ ಬರಲಿಲ್ಲ. ಉಳಿದದ್ದು ಡೇವಿಸ್ ಮತ್ತು ಸ್ಯಾನ್ ಹೋಸೆ. ಎರಡೂ ಸರ್ಕಾರಿ ಕಾಲೇಜೇ, ಆದರೆ ಕುಲ ಬೇರೆ. ಡೇವಿಸ್ ಯುಸಿ, ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ. ಈ ರಾಜ್ಯ 1960ರಲ್ಲೇ ಒಂದು ಮಾಸ್ಟರ್ ಪ್ಲ್ಯಾನ್ ಮಾಡಿ ಹಂಚಿಬಿಟ್ಟಿತು. ಮೇಲಿನ ಎಂಟನೇ ಒಂದು ಪಾಲಿನ ಮಕ್ಕಳು ಯುಸಿಗೆ, ಮೇಲಿನ ಮೂರನೇ ಒಂದು ಪಾಲು ಸ್ಟೇಟ್ ಯೂನಿವರ್ಸಿಟಿಗಳಿಗೆ, ಎರಡು ವರ್ಷ ಓದಿಸುವ ಕಮ್ಯುನಿಟಿ ಕಾಲೇಜು ಎಲ್ಲರಿಗೂ. ರಿಸರ್ಚು, ಪಿಎಚ್‌ಡಿ ಮುಖ್ಯವಾಗಿ ಯುಸಿಯ ಕೆಲಸ. ಪಾಠ ಹೇಳುವುದು ಸ್ಟೇಟ್‌ಗಳ ಕೆಲಸ. ಇಷ್ಟು ವರ್ಷವಾದರೂ ನಮ್ಮ ಕೂಟದ ಊಟದ ಸಾಲಿನಲ್ಲಿ ಆ ವರ್ಣಾಶ್ರಮ ಚೆನ್ನಾಗಿ ನಡೆದುಕೊಂಡು ಬಂದಿದೆ.

ಡೇವಿಸ್ ನೋಡಲು ಹೋದೆವು. ಎಲ್ಲಿ ನೋಡಿದರೂ ಸೈಕಲ್ಲು, ಸೈಕಲ್ಲಿಗೆ ಅಂತಲೇ ರೌಂಡ್‌ಅಬೌಟು. ಒಂದು ಹಾಸ್ಟೆಲ್ ಪಕ್ಕದಲ್ಲೇ ಯೂನಿವರ್ಸಿಟಿಯ ಡೈರಿ, ಗಾಳಿ ಬೀಸಿದರೆ ಸಗಣಿ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು, ನನಗೆ ಊರಿನ ಹಿತ್ತಲು ನೆನಪಾಗಿ ಹೊಟ್ಟೆ ತುಂಬಿತು. ಚೆನ್ನಾಗಿದೆ. ಇಷ್ಟವೂ ಆಯಿತು.

ಆಮೇಲೆ ಸ್ಯಾನ್ ಹೋಸೆ. ಹದಿನೈದು ವರ್ಷದಿಂದ ಅದರ ಮುಂದೆ ಕಾರಿನಲ್ಲಿ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. 1857ರಲ್ಲಿ ಶುರುವಾದದ್ದು, ಬರ್ಕ್ಲಿಗಿಂತ ಹಳೆಯದು. ಕ್ಯಾಂಪಸ್ಸಿನ ಹುಲ್ಲಿನ ಮೇಲೆ ದೊಡ್ಡದೊಂದು ಶಿಲ್ಪ ಇದೆ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಪದಕದ ಮೆಟ್ಟಿಲ ಮೇಲೆ ವರ್ಣಭೇದದ ವಿರುದ್ಧ ಕಪ್ಪು ಗ್ಲೌಸಿನ ಮುಷ್ಟಿ ಎತ್ತಿದರಲ್ಲ, ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್, ಇಬ್ಬರೂ ಇಲ್ಲಿಯ ವಿದ್ಯಾರ್ಥಿಗಳು. ಶಿಲ್ಪದಲ್ಲಿ ಎರಡನೇ ಸ್ಥಾನದ ಮೆಟ್ಟಿಲು ಖಾಲಿ. ಅಲ್ಲಿ ನಿಂತಿದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ತಾನು ಬೇಡ, ಬಂದವರು ಅಲ್ಲಿ ನಿಲ್ಲಲಿ ಅಂದಿದ್ದರಂತೆ. ಮಗಳು ಹತ್ತಿ ನಿಂತಳು. ಫೋಟೋ ತೆಗಿ ಅನ್ನಲಿಲ್ಲ. ಸುಮ್ನೆ ನಿಂತಿದ್ದಳು. ಹದಿನೇಳರ ಹುಡುಗಿ ಫೋಟೋ ಕೇಳದೆ ನಿಲ್ಲುವುದು ಅಂದರೆ ನಿಮಗೆ ಗೊತ್ತಲ್ಲ.

ಮತ್ತೆ ಲೈಬ್ರರಿ. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನದ್ದು, ಊರಿನದ್ದೂ ಯೂನಿವರ್ಸಿಟಿಯದ್ದೂ ಒಂದೇ ಕಟ್ಟಡ. ಒಂದು ಟೇಬಲ್ಲಿನಲ್ಲಿ ಅಲ್ಗಾರಿದಮ್ ಪುಸ್ತಕ ಹರಡಿಕೊಂಡ ಹುಡುಗರು, ಪಕ್ಕದ್ದರಲ್ಲಿ ಕೈಚೀಲ ಇಟ್ಟುಕೊಂಡು ಪೇಪರ್ ಓದುತ್ತಿದ್ದ ಅಜ್ಜ. ನನಗೆ ಅದು ಬಹಳ ಹಿಡಿಸಿತು.

ಇನ್ನೊಂದು ಹಿಡಿಸಿದ ವಿಷಯ, ನಗಬೇಡಿ, ಕಟ್ ಆಫ್. ಸ್ಯಾನ್ ಹೋಸೆಯವರು ಹಿಂದಿನ ವರ್ಷ ಯಾವ ಮೇಜರ್‌ಗೆ ಎಷ್ಟಕ್ಕೆ ಸೀಟು ನಿಂತಿತು ಅಂತ ವೆಬ್‌ಸೈಟಿನಲ್ಲೇ ಹಾಕುತ್ತಾರೆ. ಪ್ರಬಂಧ ಬರೆಯುವ ಗೋಜಿಲ್ಲ. ಆ ಪಟ್ಟಿ ನೋಡಿದಾಗ ಇಪ್ಪತ್ತೈದು ವರ್ಷದ ಹಿಂದಿನ ಟಿವಿ ಪರದೆ ಕಣ್ಣ ಮುಂದೆ ಬಂತು.

ದುಡ್ಡಿನ ಮಾತು. ಯುಸಿಯಲ್ಲಿ ರಾಜ್ಯದ ಮಕ್ಕಳಿಗೆ ವರ್ಷದ ಫೀಸೇ 15 ಸಾವಿರ ಡಾಲರ್ ದಾಟುತ್ತದೆ. ರೂಮು, ಊಟ, ಇನ್ಶೂರೆನ್ಸು ಸೇರಿಸಿದರೆ 40 ಸಾವಿರದ ಮೇಲೆ. ಹೊರರಾಜ್ಯದವರಿಗೆ ಇದರ ಮೇಲೆ ಇನ್ನೂ 37 ಸಾವಿರಕ್ಕೂ ಹೆಚ್ಚು, ಆದ್ದರಿಂದ ಊರಲ್ಲಿದ್ದುಕೊಂಡು "ಹೊರಗಿನವರನ್ನ ತುಂಬ್ಕೋತಾರೆ" ಅಂತ ಬೈಯುವವರು ಆ ದುಡ್ಡು ಯಾರ ಖರ್ಚು ತೂಗಿಸುತ್ತದೆ ಅಂತಲೂ ಯೋಚಿಸಬೇಕು. ಯುಸಿಯಲ್ಲಿ ಒಂದು ಒಳ್ಳೆಯದಿದೆ. ಸೇರಿದ ವರ್ಷದ ಟ್ಯೂಷನ್ ಫೀಸನ್ನು ಆರು ವರ್ಷದವರೆಗೆ ಏರಿಸುವುದಿಲ್ಲ. ಸ್ಯಾನ್ ಹೋಸೆ ಸ್ಟೇಟ್‌ನ ಫೀಸು 9 ಸಾವಿರದ ಆಸುಪಾಸು, ಊಟ ನಿದ್ದೆ ಮನೆಯಲ್ಲೇ. ನಾಲ್ಕು ವರ್ಷಕ್ಕೆ ವ್ಯತ್ಯಾಸ ಒಂದು ಲಕ್ಷ ಡಾಲರ್ ಆಗುತ್ತದೆ. ಕಂಪ್ಯೂಟರ್ ಕೆಲಸಗಳು ಮೊದಲಿನ ಹಾಗೆ ಸುರಿಯುತ್ತಿಲ್ಲ ಅನ್ನುವುದು ಈ ಬೇ ಏರಿಯಾದಲ್ಲಿ ಯಾರಿಗೂ ಹೇಳಬೇಕಿಲ್ಲ. ನಮ್ಮ ಬೀದಿಯಲ್ಲೇ ಎರಡು ಮನೆಯಲ್ಲಿ ಲೇಆಫ್ ಆಗಿದೆ. ಸಾಲ ಇಲ್ಲದೆ ಡಿಗ್ರಿ ಮುಗಿಸಿದ ಮಗುವಿಗೆ ಆರು ತಿಂಗಳು ಕೆಲಸ ಸಿಗದಿದ್ದರೂ ಉಸಿರು ಕಟ್ಟುವುದಿಲ್ಲ.

ಇಲ್ಲಿ ನಾನು ಪಕ್ಷಪಾತ ಮಾಡುತ್ತಿದ್ದೇನೆ ಅಂತ ಅನ್ನಿಸಬಹುದು. ಮಾಡುತ್ತಿದ್ದೇನೆ. ಆದರೂ ಒಂದು ಮಾತು. ನಿಮ್ಮ ಮಗುವಿಗೆ ರಿಸರ್ಚಿನ ಹುಚ್ಚು ಇದೆ, ಮುಂದೆ ಪಿಎಚ್‌ಡಿ ಮಾಡಬೇಕು ಅಂತಿದೆ, ಯುಸಿಯಲ್ಲಿ ಸಿಎಸ್ಸೇ ಸಿಕ್ಕಿದೆ ಅಂದರೆ ಕಣ್ಣುಮುಚ್ಚಿ ಅಲ್ಲಿಗೆ ಕಳಿಸಿ. ಮೊದಲ ವರ್ಷದಿಂದಲೇ ಲ್ಯಾಬುಗಳ ಬಾಗಿಲು ಹತ್ತಿರ ಇರುತ್ತದೆ, ಅದಕ್ಕೆ ಬೆಲೆ ಇದೆ. ನನ್ನ ಮಗಳಿಗೆ ಆ ಹುಚ್ಚಿಲ್ಲ. ಅವಳಿಗೆ ಆ್ಯಪ್ ಮಾಡಬೇಕು, ನಾಲ್ಕು ಜನ ಬಳಸಬೇಕು, ಅವರು ಬೈದರೆ ಸರಿಮಾಡಬೇಕು. ಅಷ್ಟೇ.

ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿ, ಇರುವ ಮಕ್ಕಳ ಅಪ್ಪ ಅಮ್ಮಂದಿರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಆ ವೀಸಾದಲ್ಲಿ ಸಂಬಳದ ಇಂಟರ್ನ್‌ಶಿಪ್ ಮಾಡುವ ಹಾಗಿಲ್ಲ, 21 ತುಂಬಿದ ದಿನ ವೀಸಾವೇ ಮುಗಿಯುತ್ತದೆ. ಸಿಲಿಕಾನ್ ವ್ಯಾಲಿಯ ಮಧ್ಯದ ಕಾಲೇಜು ಅಂತ ನಾನು ಹೊಗಳುವುದು ಅವರಿಗೆ ಗಾಯದ ಮೇಲೆ ಉಪ್ಪು. ಯಾವ ಕಾಲೇಜು ಅನ್ನುವುದಕ್ಕಿಂತ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ.

ಕಮ್ಯುನಿಟಿ ಕಾಲೇಜಿನ ವಿಷಯ ಸ್ವಲ್ಪವೇ ಹೇಳುತ್ತೇನೆ, ಅದಕ್ಕೇ ಬೇರೆ ಪೋಸ್ಟ್ ಬೇಕು. ಕ್ಯುಪರ್ಟಿನೋದ ಡಿ ಆ್ಯನ್ಜಾದಲ್ಲಿ ಎರಡು ವರ್ಷ ಓದಿ ಯುಸಿಗೆ ಹೋದ ಮಕ್ಕಳು ನೂರಾರು. ಆರು ಯುಸಿಗಳು ಟ್ರಾನ್ಸ್‌ಫರ್ ಗ್ಯಾರಂಟಿಯನ್ನೂ ಕೊಡುತ್ತವೆ. ಆದರೆ ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಆ ಪಟ್ಟಿಯಲ್ಲಿಲ್ಲ. ಇರುವ ಕಡೆಯೂ ಹಲವು ಕ್ಯಾಂಪಸ್ಸು ಸಿಎಸ್ ಅನ್ನು ಹೊರಗಿಟ್ಟಿವೆ. ಅಲ್ಲಿಗೆ ಹೋದರೂ ಕೇಳಬೇಕಾದ್ದು ಅದೇ, ಯಾವುದಕ್ಕೆ ಗ್ಯಾರಂಟಿ?

ಏಪ್ರಿಲ್ ಕೊನೆಯ ವಾರ ಮಗಳು ಸ್ಯಾನ್ ಹೋಸೆ ಸ್ಟೇಟ್‌ಗೆ ಹೌದು ಅಂತ ಒತ್ತಿದಳು. ಒತ್ತುವ ಮೊದಲು ಒಂದು ದಿನ ಪೂರ್ತಿ ಡೇವಿಸ್‌ನ ಸೈಕಲ್ ಫೋಟೋ ನೋಡುತ್ತಾ ಕೂತಿದ್ದಳು, ಸುಳ್ಳು ಹೇಳುವುದಿಲ್ಲ. ಮನೆಯಲ್ಲೇ ಇರುವುದು ಹದಿನೆಂಟರ ಮಕ್ಕಳಿಗೆ ಸಣ್ಣ ಶಿಕ್ಷೆಯಲ್ಲ. ಮೂರನೇ ವರ್ಷ ಗೆಳತಿಯರ ಜೊತೆ ರೂಮು ಮಾಡಿಕೊಡುತ್ತೇವೆ ಅಂತ ಒಪ್ಪಂದ ಆಗಿದೆ. ಬರಹದಲ್ಲಿ ಕೊಡಿ ಅಂದಳು. ಕೊಟ್ಟಿದ್ದೇವೆ, ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ.

ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಹೇಳಿದೆ. ಸ್ಯಾನ್ ಹೋಸೆ ಅಂದರೆ ನಾವಿರುವ ಕಡೆಯೇ ಅಂತ ವಿವರಿಸಿದೆ. ಸ್ಯಾನ್ ಡಿಯಾಗೋ ಬಿಟ್ಟದ್ದು, ಡೇವಿಸ್ ಬಿಟ್ಟದ್ದು, ಯುಸಿಗೂ ಸ್ಟೇಟ್‌ಗೂ ಇರುವ ವ್ಯತ್ಯಾಸ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಕಂಪ್ಯೂಟರೇ ಸಿಕ್ತಲ್ಲ?"

"ಹೂಂ ಅಪ್ಪ, ಕಂಪ್ಯೂಟರೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ದಿನಾ ಹೋಗಿ ಬರೋಕೆ ಬಸ್ಸು ಐತಾ ಮಗ?"

ಐತೆ ಅಪ್ಪ ಅಂದೆ. ಬೆರ್ರಿಯೆಸ್ಸಾವರೆಗೆ ಬಾರ್ಟ್ ರೈಲು, ಅಲ್ಲಿಂದ 500 ನಂಬರ್ ಬಸ್ಸು. "ಐನೂರಾ?" ಅಂತ ಇನ್ನೊಂದು ಸಲ ಕೇಳಿ, ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು.