ಟಿಮ್ ಮ್ಯಾಪನ ಏಳುಬೀಳು

ಅಮೆರಿಕನ್ ಫುಟ್‌ಬಾಲಿನ ದಾಖಲೆಗಳನ್ನು ಎಷ್ಟು ತಿರುವಿಹಾಕಿದರೂ ಟಿಮ್ ಮ್ಯಾಪ್ ಎಂಬ ಡಿಫೆನ್ಸ್ ಆಟಗಾರನ ಹೆಸರು ಯಾರಿಗೂ ಸಿಗುವುದಿಲ್ಲ. ಆತನ ಆಟ, ಗಾಯ, ವಿದೇಶವಾಸ, ನಿವೃತ್ತಿ ಎಲ್ಲವನ್ನೂ 1996ರ ಅಕ್ಟೋಬರಿನಿಂದ ಸುಮಾರು 15 ತಿಂಗಳ ಕಾಲ ನಾನೊಬ್ಬನೇ ನಡೆಸಿಕೊಂಡು ಬಂದೆ. ಆತನ ಜನನಕ್ಕೆ ಮಾತ್ರ ನಾನು ಹೊಣೆಯಲ್ಲ. ಅದು ನಮ್ಮ ಆಫೀಸಿನ ಮೈಕ್ರೋವೇವ್ ಒಲೆಯಿಂದಾದದ್ದು.

ಆಗ ನಾನು ವಿಸ್ಕಾನ್ಸಿನ್ ರಾಜ್ಯದ ಒಂದು ವಿಮಾ ಕಂಪನಿಯಲ್ಲಿ, ಹಳೆಯ ಕೋಬಾಲ್ ಕಂಪ್ಯೂಟರ್ ಪ್ರೋಗ್ರಾಮುಗಳೊಳಗೆ ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ವರ್ಷಗಳನ್ನು ಹುಡುಕಿ ಹುಡುಕಿ ನಾಲ್ಕಂಕಿಗೆ ತಿದ್ದುವ ಕೆಲಸಕ್ಕೆ ಹಾಸನದ ಕಡೆಯಿಂದ ಹೋಗಿದ್ದೆ. ಆ ರಾಜ್ಯದವರಿಗೆ ಗ್ರೀನ್ ಬೇ ಪ್ಯಾಕರ್ಸ್ ಎಂಬುದು ಬರಿಯ ಫುಟ್‌ಬಾಲ್ ತಂಡವಲ್ಲ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಪುಟ್ಟ ಊರೊಂದು, ನ್ಯೂಯಾರ್ಕ್ ಶಿಕಾಗೊಗಳ ಕೋಟ್ಯಧಿಪತಿಗಳ ತಂಡಗಳಿಗೆ ಸರಿಸಮನಾಗಿ ತನ್ನದೊಂದು ತಂಡವನ್ನು ಸಾಕಿಕೊಂಡಿದೆ. ಅದಕ್ಕೆ ಒಬ್ಬ ಮಾಲೀಕನಿಲ್ಲ. 1923ರಿಂದ ಷೇರುದಾರರೇ ಒಡೆಯರು, ಅವರಿಗೆ ಲಾಭಾಂಶವೂ ಇಲ್ಲ. ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೊಟ್ಟು ರಸೀದಿಗೆ ಕಟ್ಟುಹಾಕಿಸಿ ಗೋಡೆಗೆ ನೇತುಹಾಕಿಕೊಳ್ಳುವ ಹಾಗೆ, ಅವರೂ ಷೇರು ಪತ್ರವನ್ನು ಕಟ್ಟುಹಾಕಿಸಿ ಹಜಾರದಲ್ಲಿ ನೇತುಹಾಕಿರುತ್ತಾರೆ. ಸೋಮವಾರ ಮಧ್ಯಾಹ್ನದ ಊಟದ ಕೋಣೆಯಲ್ಲಿ ಭಾನುವಾರದ ಆಟದ ಹೊರತು ಬೇರೆ ಮಾತೇ ಇರುತ್ತಿರಲಿಲ್ಲ. ನಾನು ಮೂಲೆಯ ಮೇಜಿನಲ್ಲಿ ಕುಳಿತು, ಹವೆಯ ಬಗ್ಗೆ ಯಾರಾದರೂ ಕೇಳಿದರೆ ಉತ್ತರಿಸಿ, ಕೇಳದಿದ್ದರೆ ಮೊಸರನ್ನ ಮುಗಿಸಿ ಎದ್ದುಬರುತ್ತಿದ್ದೆ.

ಅಂಥದೊಂದು ಸೋಮವಾರ ಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಸಿಗದೆ, ನನ್ನ ಹೆಂಡತಿ ಬಿಸಿಬೇಳೆಬಾತನ್ನು ಸ್ಟೀಲ್ ಡಬ್ಬಿಗೆ ಹಾಕಿ ಕಳಿಸಿದ್ದಳು. ನಾನು ಅದನ್ನು ಹಾಗೆಯೇ ಮೈಕ್ರೋವೇವಿನೊಳಗಿಟ್ಟು ಗುಂಡಿ ಒತ್ತಿದೆ. ಅದೇ ಗಳಿಗೆಯಲ್ಲಿ ನನ್ನ ಪಕ್ಕದ ಮೇಜಿನ ಹಿರಿಯರು, ನಿವೃತ್ತಿಗೆ ಎರಡೋ ಮೂರೋ ವರ್ಷ ಉಳಿದಿದ್ದ ಸಜ್ಜನರು, ಬೆನ್ನ ಹಿಂದಿನಿಂದ ಬಂದು, "ಅಂದಹಾಗೆ, ನಿಮಗೆ ಅಚ್ಚುಮೆಚ್ಚಿನವನು ಯಾರು?" ಎಂದು ಕೇಳಿದರು. ಒಲೆಯೊಳಗೆ ದೀಪಾವಳಿ ಶುರುವಾಯಿತು. ಚಟಪಟನೆ ಕಿಡಿ ಹಾರಿದ್ದನ್ನು ಕಂಡು ನಾನು "ಅಯ್ಯೋ, ತಿಮ್ಮಪ್ಪಾ!" ಎಂದು ಕೂಗಿದೆ. ಅವರು ನಿಧಾನವಾಗಿ ಕೈ ಚಾಚಿ ಒಲೆಯನ್ನು ಆರಿಸಿ, "ಟಿಮ್ ಮ್ಯಾಪ್?" ಎಂದರು.

ಗಾಬರಿಯಲ್ಲಿದ್ದ ನಾನು, ಇವರು ನಮ್ಮ ಮನೆದೇವರ ವಿಷಯದಲ್ಲಿ ಕುತೂಹಲ ತೋರಿಸುತ್ತಿದ್ದಾರೆ ಎಂದೇ ತಿಳಿದೆ. ಯಾವ ತಂಡಕ್ಕೆ ಸೇರಿದವನು ಎಂದು ಕೇಳಿದ್ದಕ್ಕೆ, ಹಾಗೆ ಒಂದು ಪಂಗಡದವನು ಎನ್ನಲಾಗದು, ಎಲ್ಲರಿಗೂ ಬೇಕಾದವನು ಎಂದೆ. ಅವರು "ಓ, ಫ್ರೀ ಏಜೆಂಟ್" ಎಂದು, ಅಂದರೆ ಯಾವ ತಂಡಕ್ಕೂ ಕಟ್ಟುಬೀಳದ ಆಟಗಾರನೆಂದು, ತಲೆದೂಗಿದರು. ಎಲ್ಲಿಯವನು ಎಂದಾಗ ಏಳು ಬೆಟ್ಟದವನು ಎಂದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡಿನ ಪಕ್ಕಕ್ಕೆ ಸೆವೆನ್ ಹಿಲ್ಸ್ ಎಂಬ ಹೆಸರಿನ ಊರೇ ಇರಬೇಕೆ! ಅವನು ಮಾಡುವುದೇನು ಎಂದು ಕೇಳಿದರು. ಕಾಪಾಡುತ್ತಾನೆ, ಅದೇ ಅವನ ಕೆಲಸ ಎಂದೆ. "ಹಾಗಾದರೆ ಡಿಫೆನ್ಸ್" ಎಂದು ಅವರು ತೃಪ್ತರಾದರು. ಅವನಿಗಾಗಿ ಜನ ಸಾಲುಗಟ್ಟಿ ನಿಂತು ತಲೆ ಬೋಳಿಸಿಕೊಳ್ಳುತ್ತಾರೆ ಎಂಬುದನ್ನೂ ಸೇರಿಸಿದೆ. ಚೀಸಿನ ತುಂಡಿನಾಕಾರದ ಹಳದಿ ಟೋಪಿಯನ್ನು ತಲೆಗೆ ಹೊತ್ತು ಕ್ರೀಡಾಂಗಣಕ್ಕೆ ಹೋಗುವ ಆ ರಾಜ್ಯದವರಿಗೆ ಇದು ಅತಿಯೆಂದು ತೋರಲಿಲ್ಲ.

ಇಲ್ಲಿಯವರೆಗೆ ನಾನು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ ಎಂಬುದನ್ನು ಓದುಗರು ದಯಮಾಡಿ ಗಮನಿಸಬೇಕು.

ಎಡವಟ್ಟಾದದ್ದು ಗೊತ್ತಾದದ್ದು ಮರುದಿನ. "ನಿಮ್ಮ ಟಿಮ್‌ನದು ಈ ವರ್ಷ ಎಷ್ಟು ಸ್ಯಾಕ್ ಆಗಿದೆ?" ಎಂದು ಅವರು ಕೇಳಿದರು. ಸ್ಯಾಕ್ ಎಂದರೆ ಮೂಟೆ ಎಂದಷ್ಟೇ ತಿಳಿದಿದ್ದ ನನ್ನ ಕಣ್ಣಮುಂದೆ ಹುಂಡಿಯ ಚಿಲ್ಲರೆಯನ್ನು ಮೂಟೆಯಲ್ಲಿ ಹೊತ್ತೊಯ್ಯುವ ದೃಶ್ಯ ಬಂದು, ವರ್ಷದ ಲೆಕ್ಕ ಯಾರಿಟ್ಟಿದ್ದಾರೆ, ದಿನಕ್ಕೇ ಹತ್ತಿಪ್ಪತ್ತು ಆಗಬಹುದು ಎಂದುಬಿಟ್ಟೆ. ಅವರ ಕೈಯ ಸ್ಯಾಂಡ್‌ವಿಚ್ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಆ ಆಟದಲ್ಲಿ ಚೆಂಡನ್ನು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕನ್ನು ಅವನ ಗೆರೆಯ ಹಿಂದೆಯೇ ಹಿಡಿದು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. 1982ರಿಂದ ಅದರ ಅಧಿಕೃತ ಲೆಕ್ಕವಿದೆ. ಒಂದು ಋತುವಿನ ದಾಖಲೆ ಆಗ ಮಾರ್ಕ್ ಗ್ಯಾಸ್ಟಿನೊ 1984ರಲ್ಲಿ ಮಾಡಿದ್ದ 22. ನಮ್ಮ ತಿಮ್ಮಪ್ಪ ಅದನ್ನು ಎರಡು ಮೂರು ದಿನದಲ್ಲೇ ಸರಿಗಟ್ಟುವವನಿದ್ದ. ಹಿರಿಯರು ಕೊಂಚ ಹೊತ್ತು ನನ್ನ ಮುಖ ನೋಡಿ, ಗಟ್ಟಿಯಾಗಿ ನಕ್ಕು, "ನಿಜವಾದ ಅಭಿಮಾನಿ ಎಂದರೆ ಹೀಗಿರಬೇಕು" ಎಂದು ನನ್ನ ಬೆನ್ನು ತಟ್ಟಿ ಪಕ್ಕದಲ್ಲಿದ್ದವರಿಗೆಲ್ಲ ಹೇಳಿದರು. ಆ ನಗುವಿನಿಂದಾಗಿ ಮೂಲೆಯ ಮೇಜಿನಿಂದ ನಡುವಿನ ಮೇಜಿಗೆ ನನಗೆ ಬಡ್ತಿ ಸಿಕ್ಕಿತು. ನಿಜ ಹೇಳಿದರೆ ಮತ್ತೆ ಮೂಲೆಗೆ ಹೋಗಬೇಕಾಗುತ್ತಿತ್ತು. ಹೇಳಲಿಲ್ಲ.

ಆ ಸಂಜೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಓಡಿದೆ. ದೊಡ್ಡವರ ವಿಭಾಗದ ಪುಸ್ತಕಗಳು ಓದುಗನಿಗೆ ಆಟ ಗೊತ್ತಿದೆ ಎಂದುಕೊಂಡೇ ಆರಂಭವಾಗುತ್ತಿದ್ದುದರಿಂದ ಮಕ್ಕಳ ವಿಭಾಗಕ್ಕೆ ಹೋಗಿ, ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಕುರ್ಚಿಯಲ್ಲಿ ಕುಳಿತು ಚಿತ್ರಸಮೇತ ಕಲಿತೆ. ನೂರು ಗಜದ ಮೈದಾನ; ಎರಡೂ ಕಡೆ 11 ಜನ; ಚೆಂಡು ಇರುವವರು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗಬೇಕು, ಡಿಫೆನ್ಸಿನವರು ಬಿಡಬಾರದು. ಇಷ್ಟನ್ನು ತಿಳಿದರೆ ಉಳಿದದ್ದು ಕಬಡ್ಡಿಯಲ್ಲಿ ಕಾಲು ಹಿಡಿದು ಎಳೆದವರಿಗೆ ಹೊಸದೇನಲ್ಲ. ಟಿಮ್‌ನಿಗೆ ಒಂದು ಸ್ಥಾನ ಬೇಕಿತ್ತು. ಎಲ್ಲ ಸ್ಥಾನಗಳನ್ನೂ ಅಳೆದು ಸುರಿದು ನಾನು ಆರಿಸಿದ್ದು ನೋಸ್ ಟ್ಯಾಕಲ್ ಎಂಬುದನ್ನು. ಈತ ಎದುರಾಳಿಗಳ ಸಾಲಿನ ನಟ್ಟನಡುವೆ ಮೂಗಿಗೆ ಮೂಗು ಕೊಟ್ಟು ನಿಲ್ಲುತ್ತಾನೆ. ಇಬ್ಬರು ಸೇರಿ ತಳ್ಳಿದರೂ ಜಾಗ ಬಿಡದಿರುವುದೇ ಅವನ ಸಾಧನೆ. ಅವನು ಹಾಗೆ ನಿಂತದ್ದರ ಫಲವಾಗಿ ಪಕ್ಕದವನು ಕ್ವಾರ್ಟರ್‌ಬ್ಯಾಕನ್ನು ಕೆಡವಿ ಹೆಸರು ಗಳಿಸುತ್ತಾನೆ. ಅನಾದಿಕಾಲದಿಂದ ನಿಂತೇ ಇರುವ ನಮ್ಮ ಸ್ವಾಮಿಗೆ ಇದಕ್ಕಿಂತ ಒಪ್ಪುವ ಸ್ಥಾನ ಇನ್ನೊಂದಿರಲಿಲ್ಲ. ಮೇಲಾಗಿ ಆ ಸ್ಥಾನದವರ ಅಂಕಿಅಂಶಗಳನ್ನು ಪತ್ರಿಕೆಯವರು ಅಷ್ಟಾಗಿ ಬರೆಯುವುದಿಲ್ಲ. ಸುಳ್ಳು ಹೇಳುವವನಿಗೆ ಅದೊಂದು ದೊಡ್ಡ ಅನುಕೂಲ.

ಇಷ್ಟು ಸಿದ್ಧತೆ ಮಾಡಿಕೊಂಡು ಹೋದವನಿಗೆ ಮೊದಲ ಪ್ರಶ್ನೆಯೇ ಕಾಲುತೊಡಕಾಯಿತು. ಟಿಮ್‌ನ ಅಂಗಿಯ ನಂಬರ್ ಎಷ್ಟು? ಏಳು ಬೆಟ್ಟದ ನೆನಪಿನಲ್ಲಿ 7 ಎಂದೆ. ಇಡೀ ಮೇಜು ಊಟ ನಿಲ್ಲಿಸಿತು. ವೃತ್ತಿಪರ ಲೀಗಿನಲ್ಲಿ ಆಗಿನ ನಿಯಮದ ಪ್ರಕಾರ ಅಂಥ ಸಣ್ಣ ಅಂಕಿಗಳು ಕ್ವಾರ್ಟರ್‌ಬ್ಯಾಕಿಗೆ ಮತ್ತು ಚೆಂಡನ್ನು ಒದೆಯುವವರಿಗೆ ಮೀಸಲಾಗಿದ್ದವು; ನೋಸ್ ಟ್ಯಾಕಲ್ 60ರಿಂದ 79 ಅಥವಾ 90ರಿಂದ 99ರೊಳಗೆ ಇರಬೇಕಿತ್ತು. ಸೆವೆನ್ ಎಂದವನು ನಾಲಿಗೆಯನ್ನು ಒಳಗೆಳೆದುಕೊಳ್ಳದೆ "ಟಿ ಸೆವೆನ್" ಎಂದು ಮುಂದುವರಿಸಲು ನೋಡಿದೆ. ಅದು 77 ಎಂದೂ, ನನ್ನ ದಕ್ಷಿಣ ಭಾರತದ ಉಚ್ಚಾರಣೆಯಲ್ಲಿ ತುಂಡಾಗಿ ಕೇಳಿಸಿತೆಂದೂ ಹಿರಿಯರೇ ಇತ್ಯರ್ಥ ಮಾಡಿದರು. ನನ್ನ ಇಂಗ್ಲಿಷ್ ಉಚ್ಚಾರಣೆಯಿಂದ ನನಗೆ ಉಪಕಾರವಾದದ್ದು ಆ ದೇಶದಲ್ಲಿ ಅದೊಂದೇ ಸಲ.

ಸುಳ್ಳು ಒಗ್ಗಿದ ಮೇಲೆ ಮನುಷ್ಯನಿಗೆ ಅಲಂಕಾರ ಮಾಡುವ ಚಪಲ ಬರುತ್ತದೆ. ಮಕ್ಕಳ ಪುಸ್ತಕದಲ್ಲಿ ಓದಿದ್ದ ಒಂದು ಪ್ರಸಂಗವನ್ನು ಟಿಮ್‌ನ ಕಾಲೇಜು ದಿನಗಳದೆಂದು ರಸವತ್ತಾಗಿ ಹೇಳಿದೆ: ಎದುರಾಳಿಯ ಕೈಜಾರಿದ ಚೆಂಡನ್ನು ಎತ್ತಿಕೊಂಡು, ದಿಕ್ಕುತಪ್ಪಿ, ತನ್ನದೇ ತಂಡದ ಗೆರೆಯತ್ತ ಅರವತ್ತಾರು ಗಜ ಓಡಿ, ಗೆದ್ದೆನೆಂದು ಚೆಂಡನ್ನು ಎಸೆದು, ಎದುರಾಳಿಗೆ ಎರಡು ಅಂಕ ದಾನ ಮಾಡಿದನಂತೆ. ಹಿರಿಯರು ಕಣ್ಣುಮುಚ್ಚಿ ಕೇಳುತ್ತಿದ್ದವರು, ಮುಗಿದ ಮೇಲೆ ಸಮಾಧಾನದಿಂದ, "ಅದು ಜಿಮ್ ಮಾರ್ಷಲ್. 1964, ಅಕ್ಟೋಬರ್ 25, ಸ್ಯಾನ್ ಫ್ರಾನ್ಸಿಸ್ಕೊ" ಎಂದರು. ಪಕ್ಕದ ಮಿನ್ನೆಸೋಟದ ವೈಕಿಂಗ್ಸ್ ತಂಡಕ್ಕೂ ಪ್ಯಾಕರ್ಸಿಗೂ ಎಣ್ಣೆಸೀಗೆಕಾಯಿ. ಆ ವೈಕಿಂಗ್ಸ್ ಆಟಗಾರನ ತಪ್ಪು ಓಟವನ್ನು ಇಡೀ ವಿಸ್ಕಾನ್ಸಿನ್ ಪುರಾಣಶ್ರವಣದಂತೆ ಸ್ಮರಿಸುತ್ತದೆ ಎಂಬುದು ನನಗೇನು ಗೊತ್ತು? ಅಂದಿನ ಪಂದ್ಯವನ್ನು ಕೊನೆಗೆ ವೈಕಿಂಗ್ಸೇ 27–22ರಿಂದ ಗೆದ್ದದ್ದನ್ನೂ, ಮಾರ್ಷಲ್ ಸತತ 282 ಪಂದ್ಯಗಳನ್ನು ಒಂದೂ ತಪ್ಪದೆ ಆಡಿದವನೆಂಬುದನ್ನೂ ಮಾತ್ರ ಅವರು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು. ನಾನು, ಟಿಮ್‌ನಿಗೂ ಹಾಗೆಯೇ ಆಗಿತ್ತು ಎಂದೆ. ಅವರು, ಆಗಿರಬಹುದು, ಯಾರಿಗೂ ಆಗಬಹುದು ಎಂದರು. ಬಂದ ಮೊದಲ ವಾರ ಅದೇ ಕಂಪನಿಯ ಕಾರು ನಿಲ್ದಾಣದಲ್ಲಿ ನಾನು ಎಡಬದಿಯಿಂದ ಬಂದು ಅವರ ಕಾರಿನ ಮೂತಿಗೆ ಮೂತಿ ಕೊಟ್ಟು ನಿಂತದ್ದನ್ನು ಅವರು ಮರೆತಿರಲಿಲ್ಲ ಎಂದು ಕಾಣುತ್ತದೆ.

ಅವರ ಅಚ್ಚುಮೆಚ್ಚಿನವನು ರೆಜಿ ವೈಟ್. ಫಿಲಡೆಲ್ಫಿಯಾ ಬಿಟ್ಟು 1993ರಲ್ಲಿ ಗ್ರೀನ್ ಬೇಗೆ ಬಂದ ಆ ಮಹಾಕಾಯ ಬ್ಯಾಪ್ಟಿಸ್ಟ್ ಪಾದ್ರಿಯೂ ಆಗಿದ್ದರಿಂದ ಅವನನ್ನು "ರಕ್ಷಣಾ ಮಂತ್ರಿ" ಎಂದೂ "ರಕ್ಷಣೆಯ ಪಾದ್ರಿ" ಎಂದೂ ಎರಡರ್ಥ ಬರುವ "ಮಿನಿಸ್ಟರ್ ಆಫ್ ಡಿಫೆನ್ಸ್" ಎಂಬ ಬಿರುದಿನಿಂದ ಕರೆಯುತ್ತಿದ್ದರು. ಎಲ್ಲಿ ಆಡಬೇಕೆಂದು ಅವನು ದೇವರನ್ನು ಕೇಳುತ್ತಿದ್ದಾನೆಂಬ ಸುದ್ದಿ ತಿಳಿದು, ಕೋಚ್ ಮೈಕ್ ಹೋಮ್‌ಗ್ರೆನ್ ತಾನೇ ದೇವರೆಂದು ಹೇಳಿಕೊಂಡು ಅವನ ಫೋನಿನಲ್ಲಿ ಸಂದೇಶ ಬಿಟ್ಟಿದ್ದರೆಂಬ ಕಥೆ ಅಲ್ಲಿ ಜನಜನಿತ. ಅವರದು ಪಾದ್ರಿ, ನಮ್ಮದು ಸಾಕ್ಷಾತ್ ದೇವರು ಎಂದು ನಾನು ಮನಸ್ಸಿನಲ್ಲೇ ಬೀಗುತ್ತಿದ್ದೆ. ಆ ಬೀಗು ಹೆಚ್ಚು ದಿನ ಉಳಿಯಲಿಲ್ಲ. 1997ರ ಜನವರಿ 26ರಂದು, ನಮ್ಮಲ್ಲಿ ಧ್ವಜವಂದನೆಯ ಲಾಡು ಹಂಚಿ ಮುಗಿದ ಹೊತ್ತಿಗೆ, ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಸೂಪರ್ ಬೌಲ್ ಎಂಬ ಲೀಗಿನ ಫೈನಲ್ ಪಂದ್ಯದಲ್ಲಿ ರೆಜಿ ವೈಟ್ ಮೂರು ಸಲ ಕ್ವಾರ್ಟರ್‌ಬ್ಯಾಕನ್ನು ಕೆಡವಿದ, ಪ್ಯಾಕರ್ಸ್ 35–21ರಿಂದ ಗೆದ್ದರು. ಹಿರಿಯರ ಮನೆಯ ಹಜಾರದಲ್ಲಿ ಅವರೊಂದಿಗೆ ನಾನೂ ಎಗರಿ ಎಗರಿ ಕೂಗಿದೆ. ಬೆಣ್ಣೆಹಣ್ಣಿನ ಗೊಜ್ಜು ಅವರ ಕಂಬಳಿಯ ಮೇಲೆ ಚೆಲ್ಲಿದ್ದೂ ನಾನೇ. ಆ ಗದ್ದಲದ ನಡುವೆ ಅವರ ಮನೆಯವರೊಬ್ಬರು, "ಈ ಟಿಮ್ ಮ್ಯಾಪನ್ನು ನಾವು ಟಿವಿಯಲ್ಲಿ ನೋಡಲೇ ಇಲ್ಲವಲ್ಲ?" ಎಂದರು.

ಅಂದೇ ರಾತ್ರಿ ಅವನನ್ನು ದೇಶಾಂತರ ಕಳಿಸಲು ನಿಶ್ಚಯಿಸಿದೆ. ಆಗ ಯುರೋಪಿನಲ್ಲಿ ವರ್ಲ್ಡ್ ಲೀಗ್ ಎಂಬ ಹೆಸರಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಒಂದು ವಸಂತದಲ್ಲಿ ನಡೆಯುತ್ತಿತ್ತು, ಇಲ್ಲಿ ಅವಕಾಶ ಸಿಗದವರು ಅಲ್ಲಿ ಹೋಗಿ ಆಡುತ್ತಿದ್ದರು. ಯಾರೂ ನೋಡಲಾರರೆಂಬ ಧೈರ್ಯದಿಂದ ಟಿಮ್‌ನನ್ನು ಬಾರ್ಸಿಲೋನಾ ಡ್ರ್ಯಾಗನ್ಸ್ ತಂಡಕ್ಕೆ ಸೇರಿಸಿದೆ. ಗ್ರಹಚಾರಕ್ಕೆ ಆ ವರ್ಷ ಅದೇ ತಂಡ ಫೈನಲ್ ಗೆದ್ದಿತು. ಹಿರಿಯರು ಪತ್ರಿಕೆಯ ಮೂಲೆಯಲ್ಲಿದ್ದ ಆ ಸುದ್ದಿಯನ್ನು ಕತ್ತರಿಸಿ ತಂದು, ಹೆಸರುಗಳ ಮೇಲೆ ಬೆರಳಾಡಿಸುತ್ತಾ ನನ್ನೆದುರಿಗೆ ಕುಳಿತರು.

ಬೇರೆ ದಾರಿಯಿರಲಿಲ್ಲ. ಫೈನಲಿಗೆ ಮುಂಚೆಯೇ ಅವನ ಎಡ ಮೊಣಕಾಲಿನ ಅಸ್ಥಿಬಂಧ ಹರಿದುಹೋಯಿತು ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಎದೆ ಧಸಕ್ಕೆಂದಿತು. ಫುಟ್‌ಬಾಲ್ ಆಟಗಾರನ ಮೊಣಕಾಲು ಮುರಿಯುವುದು ಬೇರೆ. ನಾನು ಮುರಿದದ್ದು ಯಾರದೆಂದು ನನಗೆ ಮಾತ್ರ ಗೊತ್ತಿತ್ತಷ್ಟೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಸ್ನಾನ ಮಾಡಿ, ಒಂದು ಬಿಳಿಯ ಕರವಸ್ತ್ರಕ್ಕೆ ಅರಿಸಿನ ಹಚ್ಚಿ, 11 ಡಾಲರ್ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟೆ. ಹೆಂಡತಿ ಕೇಳಿದ್ದಕ್ಕೆ, ವೀಸಾ ವಿಷಯ ಎಂದೆ. ಶಸ್ತ್ರಚಿಕಿತ್ಸೆ, ಊರುಗೋಲು, ವ್ಯಾಯಾಮ ಎಲ್ಲವನ್ನೂ ಅವಸರವಿಲ್ಲದೆ ನಡೆಸಿ, ಚಳಿಗಾಲ ಕಾಲಿಡುವ ಮುನ್ನ ಟಿಮ್‌ನಿಂದ ನಿವೃತ್ತಿ ಘೋಷಣೆ ಮಾಡಿಸಿದೆ. ಊಟದ ಮೇಜಿನವರು ಒಂದು ಶುಭಾಶಯ ಪತ್ರಕ್ಕೆ ಸಹಿ ಹಾಕಿ, ಅವನಿಗೆ ತಲುಪಿಸುವಂತೆ ನನ್ನ ಕೈಗೇ ಕೊಟ್ಟರು. ಅದನ್ನೂ ಗಂಟಿನ ಪಕ್ಕಕ್ಕೆ ಇಟ್ಟೆ.

1998ರ ಜನವರಿಯಲ್ಲಿ ಪ್ಯಾಕರ್ಸ್ ಮತ್ತೆ ಸೂಪರ್ ಬೌಲಿಗೆ ಹೋಗಿ ಡೆನ್ವರ್ ಎದುರು 31–24ರಿಂದ ಸೋತರು. ಮನೆಯಲ್ಲಿ ಸಾವಾದವರಂತೆ ಕುಳಿತಿದ್ದ ಹಿರಿಯರನ್ನು ಮುಂದಿನ ಶನಿವಾರ ಊಟಕ್ಕೆ ಕರೆದೆವು. ನಾನು ಒಳಗೆ ತಿಳಿಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ಹೊರಗೆ ಹೆಂಡತಿ ಮನೆ ತೋರಿಸುತ್ತಾ, ಗೋಡೆಯ ಮೇಲಿದ್ದ ದೊಡ್ಡ ಚಿತ್ರದ ಮುಂದೆ ನಿಂತು, ಇವನು ತಿಮ್ಮಪ್ಪ, ನಮ್ಮ ಮನೆದೇವರು, ಏಳು ಬೆಟ್ಟದ ಒಡೆಯ ಎಂದು ವಿವರಿಸುತ್ತಿದ್ದುದು ಕೇಳಿಸಿತು. ಸೌಟು ಹಿಡಿದೇ ಓಡಿಬಂದೆ. ಹಿರಿಯರು ಹಸಿರು ಟೋಪಿಯನ್ನು ತೆಗೆದು ಎದೆಗೆ ಒತ್ತಿಕೊಂಡು ಚಿತ್ರವನ್ನು ನೋಡುತ್ತಿದ್ದರು. ಕಣ್ಣು ಮುಚ್ಚುವಷ್ಟು ಅಗಲವಾದ ನಾಮವನ್ನು ಬಹಳ ಹೊತ್ತು ದಿಟ್ಟಿಸಿ, "ಇವನು ಯಾವ ಕಡೆ ನೋಡುತ್ತಿದ್ದಾನೆಂದು ಎದುರಿನವನಿಗೆ ತಿಳಿಯುವುದೇ ಇಲ್ಲ" ಎಂದು ಮೆಚ್ಚುಗೆಯಿಂದ ಹೇಳಿದರು. ಹೆಂಡತಿ ಉತ್ಸಾಹದಿಂದ, ಆ ಎಡಗೈಯನ್ನು ನೋಡಿ, ನಂಬಿದವರಿಗೆ ಸಂಸಾರಸಾಗರ ಮೊಣಕಾಲುದ್ದವೇ ಎಂದು ಅದರ ಅರ್ಥ ಎಂದಳು.

ಹಿರಿಯರು ಬಗ್ಗಿ ಆ ಕೈಯನ್ನು ನೋಡಿ, ನೆಟ್ಟಗಾಗಿ, ನನ್ನ ಕಡೆ ತಿರುಗಿ ಮೆಲುದನಿಯಲ್ಲಿ, "ಎಡಗಾಲೇ ಎಂದಿದ್ದಿರಲ್ಲವೆ? ಪಾಪ, ಇನ್ನೂ ಕೈ ತೆಗೆದಿಲ್ಲ" ಎಂದರು.

"ಯಾರ ಕಾಲು ರೀ?" ಎಂದಳು ನನ್ನ ಹೆಂಡತಿ.