ಬಿಸಿನೀರನ್ನು ನಂಬಿದ ಭಾವನವರು

ನಮ್ಮ ಭಾವನವರಿಗೆ ಬಿಸಿನೀರಿನ ಮೇಲಿರುವಷ್ಟು ವಿಶ್ವಾಸ ಕುಲದೇವರ ಮೇಲೂ ಇರಲಿಕ್ಕಿಲ್ಲ. ನೀರು ಕಾದಷ್ಟೂ ಯಾವ ವಸ್ತುವಾದರೂ ಅದರಲ್ಲಿ ಹೆಚ್ಚು ಕರಗುತ್ತದೆ ಎಂಬುದು ಅವರ ಸಿದ್ಧಾಂತ; ಸಕ್ಕರೆಯ ಮಟ್ಟಿಗೆ ಅದು ನಿಜವಾಗಿರುವುದೇ ನಮ್ಮ ಮನೆಯ ಅವಾಂತರಗಳಿಗೆಲ್ಲ ಮೂಲ.

20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, ಕುದಿಯುವ ಹೊತ್ತಿಗೆ ಹೆಚ್ಚುಕಡಿಮೆ 490 ಗ್ರಾಂವರೆಗೂ ಒಳಗೆ ಸೇರಿಸಿಕೊಳ್ಳುತ್ತದೆ. ಈ ಔದಾರ್ಯಕ್ಕೆ ಮಾರುಹೋದ ಭಾವನವರು ದೀಪಾವಳಿಯ ಜಾಮೂನಿಗೆ ಪಾಕ ಮಾಡುವಾಗ, ಅಕ್ಕ ಸಾಕೆಂದರೂ ಕೇಳದೆ, ಕುದಿಯುವ ನೀರಿಗೆ ಸಕ್ಕರೆ ಸುರಿಯುತ್ತಲೇ ಹೋದರು. ಸುರಿದದ್ದೆಲ್ಲ ಕರಗಿತು. ಆದರೆ ಬಿಸಿಯಲ್ಲಿ ನುಂಗಿದ ಹೆಚ್ಚುವರಿಯನ್ನು ನೀರು ಆರಿದ ಮೇಲೆ ಹೊರಹಾಕುತ್ತದೆಂಬ ಷರತ್ತನ್ನು ಅವರು ಗಮನಿಸಿರಲಿಲ್ಲ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದಾಗ, ಜಾಮೂನುಗಳು ಕಲ್ಲುಸಕ್ಕರೆಯ ಗಣಿಯಲ್ಲಿ ಸಿಕ್ಕಿಬಿದ್ದ ಕಾರ್ಮಿಕರಂತೆ ಕಂಡವು. ನೆಂಟರ ಎದುರಿನಲ್ಲೇ ಸೌಟು ಬಾಗಿತು. ನಾಲ್ಕು ಹನಿ ನಿಂಬೆರಸ ಹಿಂಡಿದ್ದರೆ ಇಷ್ಟು ಗಟ್ಟಿಯಾಗುತ್ತಿರಲಿಲ್ಲವೆಂದು ಅಕ್ಕ ಗೊಣಗಿದ್ದರಲ್ಲಿ ತಥ್ಯವಿತ್ತು. ಹುಳಿಯು ಸಕ್ಕರೆಯ ಒಂದಂಶವನ್ನು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗಿ ಒಡೆದು, ಹರಳುಗಟ್ಟುವುದನ್ನು ತಡೆಯುತ್ತದೆ.

ಸೋಲನ್ನು ಒಪ್ಪದ ಭಾವನವರು ಮುಂದಿನ ಬೇಸಿಗೆಯಲ್ಲಿ ಮಾವಿನ ಮಿಡಿಯ ಉಪ್ಪುನೀರಿಗೆ ಕೈಹಾಕಿದರು. ಉಪ್ಪಿಗಾದರೋ ಬಿಸಿಯೂ ಒಂದೇ, ತಂಪೂ ಒಂದೇ: ಸೊನ್ನೆ ಡಿಗ್ರಿಯ 100 ಗ್ರಾಂ ನೀರಿನಲ್ಲಿ 35.7 ಗ್ರಾಂ ಕರಗಿದರೆ, ಕುದಿಯುವಾಗಲೂ ಸುಮಾರು 39 ಗ್ರಾಂ ಅಷ್ಟೇ. ತಳದಲ್ಲಿ ಉಳಿದ ಉಪ್ಪನ್ನು ಕರಗಿಸಲು ಅವರು ಉರಿಯನ್ನು ಹೆಚ್ಚಿಸುತ್ತ ಹೋದಂತೆ ನೀರು ಆವಿಯಾಗಿ, ಉಪ್ಪು ಇನ್ನಷ್ಟು ಹೆಚ್ಚಾಯಿತು. ಗ್ಯಾಸ್ ಸಿಲಿಂಡರ್ ಮಾತ್ರ ಬರಿದಾಯಿತು.

ಅನಿಲಗಳ ವಿಷಯದಲ್ಲಂತೂ ಅವರ ಸಿದ್ಧಾಂತ ತಲೆಕೆಳಗು. ಸಾಧಾರಣ ಒತ್ತಡದಲ್ಲಿ ಒಂದು ಲೀಟರ್ ನೀರು ಸೊನ್ನೆ ಡಿಗ್ರಿಯಲ್ಲಿ ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಹಿಡಿಯುತ್ತದೆ. ಮದುವೆಯೊಂದರ ದಿನ ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಕಾದ ಸೋಡಾ ಬಾಟಲಿಯನ್ನು ಭಾವನವರು ತೆರೆದ ಕ್ಷಣದಲ್ಲಿ ಈ ಸತ್ಯವು ಅವರ ಹೊಸ ಜರಿ ಪಂಚೆಯ ಮೇಲೂ, ಬೀಗರ ಕನ್ನಡಕದ ಮೇಲೂ ಏಕಕಾಲಕ್ಕೆ ಪ್ರಕಟವಾಯಿತು.

ಕಡೆಗೆ ಕೆಟ್ಟದ್ದು ಗೀಸರ್. ನಮ್ಮದು ಬೋರ್‌ವೆಲ್ ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದೊಡನೆ ಒಡೆದು, ನೀರಿನಲ್ಲಿ ಕರಗದ ಕಾರ್ಬೊನೇಟಾಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ. ರಿಪೇರಿಯ ಹುಡುಗ ಹೊರತೆಗೆದ ಕಾಯಿಲ್ ಬಿಳಿಯ ಹುತ್ತದೊಳಗೆ ಹುದುಗಿಹೋಗಿತ್ತು. ಕುದಿಯುವ ನೀರು ಹೊಯ್ದರೆ ಇದು ಕರಗುತ್ತದೆಯಲ್ಲವೇ ಎಂದು ಭಾವನವರು ಕೇಳಿದಾಗ ಆ ಹುಡುಗ, “ಕಾಯಿಸಿದ್ದಕ್ಕೇ ಕಟ್ಟಿರೋದು ಸಾರ್, ವಿನೆಗರ್ ತರಿಸಿ” ಎಂದು ನಕ್ಕ.

ಭಾವನವರು ಕ್ಷಣಕಾಲ ಯೋಚಿಸಿ, ಹಾಗಾದರೆ ವಿನೆಗರನ್ನೇ ಸ್ವಲ್ಪ ಬೆಚ್ಚಗೆ ಮಾಡಿ ಹಾಕಿದರೆ ಹೇಗೆಂದು ವಿಚಾರಿಸಿದರು. ಬೆಚ್ಚಗಿನ ಆಮ್ಲವು ಆ ಗಾರೆಯನ್ನು ಬೇಗನೆ ಕರಗಿಸುತ್ತದೆಂಬುದು ನಿಜವಾದ್ದರಿಂದ, ನಾವು ಯಾರೂ ಮಾತನಾಡದೆ ಒಲೆ ಹಚ್ಚಿಕೊಟ್ಟೆವು.